ಮೀನಿನಲ್ಲಿಯ ರೋಗಾಣು: ಶೀಘ್ರ ಪರೀಕ್ಷೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ಕಡಲು ದೂರ. ಕಡಲ ಮೀನು ಇಲ್ಲಿಗೆ ಬರ್ಫಿನಲ್ಲಿಯೇ ಬರಬೇಕು. ಅದರಲ್ಲಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ರೋಗಾಣು ಇದ್ದರೆ ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯದು. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಇದು 20 ಜನರನ್ನು ಬಲಿ ತೆಗೆದುಕೊಂಡಿತು.

ರೋಗಾಣುವನ್ನು ಬೆಳೆಸಿ ಗುರುತಿಸಲು ಹಲವು ದಿನಗಳು ಬೇಕು; ಮೀನಾದರೋ ಅಷ್ಟು ದಿನ ಕಾಯದು. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದ ಪಿ.ಸಿ.ಆರ್. ವಿಧಾನದಲ್ಲಿ ರೋಗಾಣುವಿನ ಡಿ.ಎನ್.ಎ. ತುಣುಕೊಂದು ಸುತ್ತಿಗೊಮ್ಮೆ ಇಮ್ಮಡಿಯಾಗುತ್ತ 30 ಸುತ್ತುಗಳಲ್ಲಿ 100 ಕೋಟಿ ಮೀರುತ್ತದೆ. ಉತ್ತರ ಕೆಲವೇ ತಾಸುಗಳಲ್ಲಿ ದೊರೆಯುತ್ತದೆ. ಕಡಲಲ್ಲಿರುವ ಈ ಜಾತಿಯ ಬಹುಪಾಲು ಜೀವಿಗಳು ನಿರುಪದ್ರವಿಗಳು, ಅಪಾಯಕಾರಿಗಳನ್ನು ಟಿ.ಡಿ.ಎಚ್. ಎಂಬ ಜೀನ್ ತೋರಿಸಿಕೊಡುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಡಾ. ಇಂದ್ರಾಣಿ ಕರುಣಾಸಾಗರ್ ಮೊದಲಾದವರು ಇಂತಹ ಪರೀಕ್ಷೆಗಳ ಸಂಶೋಧನೆ ನಡೆಸಿದ್ದಾರೆ.

ಪರೀಕ್ಷೆ ಎಷ್ಟೇ ಶೀಘ್ರವಾಗಲಿ, ಮನೆಯಲ್ಲಿ ಮೀನನ್ನು ಚೆನ್ನಾಗಿ ಬೇಯಿಸುವುದೇ ಕ್ಷೇಮ. ಒಲೆಯ ಕಾವಿಗೆ ಈ ರೋಗಾಣು ಉಳಿಯದು.