ಲಿಥಾಪ್ಸ್ (ಜೀವಂತ ಕಲ್ಲು): ಒಣಪ್ರದೇಶದ ಕಿರುಸಸ್ಯದ ಜೀವನಕ್ರಮ – ಸಾರ್ವಜನಿಕರಿಗೆ ಮಾಹಿತಿ

ಲಿಥಾಪ್ಸ್ ಎಂಬುದು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾ ದೇಶಗಳ ಒಣಪ್ರದೇಶಗಳಲ್ಲಿ ನೈಸರ್ಗಿಕವಾಗಿ ಬೆಳೆಯುವ, ಎಲೆಗಳಲ್ಲಿ ನೀರನ್ನು ಸಂಗ್ರಹಿಸಿಟ್ಟುಕೊಳ್ಳುವ ಕಿರುಸಸ್ಯವಾಗಿದೆ. ನೋಡಲು ನೆಲದಲ್ಲಿ ಹುದುಗಿದ ಕಲ್ಲಿನ ಹರಳಿನಂತಿರುವುದರಿಂದ ಇದನ್ನು ‘ಜೀವಂತ ಕಲ್ಲು’ ಎಂದೂ ಕರೆಯಲಾಗುತ್ತದೆ. ಇದನ್ನು ಅಲಂಕಾರಕ್ಕಾಗಿ ಕುಂಡಗಳಲ್ಲಿ ಬೆಳೆಸಲಾಗುತ್ತಿದ್ದು, ಅಕಾಲದಲ್ಲಿ ನೀರುಣಿಸುವುದೇ ಗಿಡಗಳು ಸಾಯಲು ಮುಖ್ಯ ಕಾರಣವಾಗಿರುತ್ತದೆ. ಆದ್ದರಿಂದ ಸದರಿ ಸಸ್ಯವನ್ನು ಬೆಳೆಸುವವರ ಹಾಗೂ ವಿದೇಶದಿಂದ ತರಿಸಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹೆಸರು ಮತ್ತು ವರ್ಗೀಕರಣ

ಬ್ರಿಟಿಷ್ ಸಸ್ಯಾನ್ವೇಷಕ ವಿಲಿಯಂ ಬರ್ಚೆಲ್ ಅವರು 1811ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಸ್ಕಾ ಪಟ್ಟಣದ ಸಮೀಪದ ಪ್ರದೇಶದಲ್ಲಿ ವಿಚಿತ್ರವಾದ ಕಲ್ಲೆಂದು ಭಾವಿಸಿ ಕೈಗೆತ್ತಿಕೊಂಡ ವಸ್ತುವು ಗಿಡವಾಗಿತ್ತು. ಈ ಸಸ್ಯಗಳಿಗೆ ‘ಲಿಥಾಪ್ಸ್’ ಎಂಬ ಪ್ರತ್ಯೇಕ ಹೆಸರನ್ನು 1922ರಲ್ಲಿ ಎನ್.ಇ. ಬ್ರೌನ್ ಅವರು ನೀಡಿದರು. ಗ್ರೀಕ್ ಭಾಷೆಯಲ್ಲಿ ‘ಲಿಥೋಸ್’ ಎಂದರೆ ಕಲ್ಲು, ‘ಆಪ್ಸ್’ ಎಂದರೆ ಮುಖ. ಐಜೋಏಸೀ ಕುಟುಂಬಕ್ಕೆ ಸೇರಿದ ಈ ಗುಂಪಿನಲ್ಲಿ ಸುಮಾರು 40 ಪ್ರಭೇದಗಳಿವೆ. ಕಳ್ಳಿಯಂತೆ ಕಂಡರೂ ಇದು ಪಾಪಾಸುಕಳ್ಳಿಯ ಕುಟುಂಬಕ್ಕೆ ಸೇರಿದ್ದಲ್ಲ.

2. ದೇಹರಚನೆ

ಈ ಗಿಡಕ್ಕೆ ಹೊರಗೆ ಕಾಣುವ ಕಾಂಡವಿರುವುದಿಲ್ಲ. ದಪ್ಪನಾದ ಎರಡು ಎಲೆಗಳು ಪರಸ್ಪರ ಬೆಸೆದುಕೊಂಡು ಬುಗುರಿಯಾಕಾರದ ಒಂದೇ ದೇಹವಾಗಿರುತ್ತವೆ. ಇವುಗಳ ನಡುವೆ ಒಂದು ಸೀಳು ಇರುತ್ತದೆ. ನೈಸರ್ಗಿಕ ನೆಲೆಯಲ್ಲಿ ದೇಹದ ಬಹುಭಾಗ ಮಣ್ಣಿನೊಳಗೇ ಉಳಿದು, ಚಪ್ಪಟೆಯಾದ ಮೇಲ್ಭಾಗ ಮಾತ್ರ ನೆಲಮಟ್ಟದಲ್ಲಿ ಕಾಣುತ್ತದೆ. ಇದರಿಂದ ಬಿಸಿಲಿಗೆ ತೆರೆದಿರುವ ಭಾಗ ಕಡಿಮೆಯಾಗಿ ನೀರು ಆವಿಯಾಗುವುದು ತಗ್ಗುತ್ತದೆ. ಸುತ್ತಲಿನ ಕಲ್ಲುಗಳನ್ನು ಹೋಲುವ ಬಣ್ಣ ಹಾಗೂ ಗೆರೆಗಳಿಂದಾಗಿ ಮೇಯುವ ಪ್ರಾಣಿಗಳ ಕಣ್ಣಿಗೂ ಗಿಡ ಸುಲಭವಾಗಿ ಬೀಳುವುದಿಲ್ಲ.

ಮಣ್ಣಿನೊಳಗಿರುವ ಎಲೆಗೆ ಬೆಳಕು ದೊರೆಯುವುದು ಹೇಗೆ ಎಂಬ ಪ್ರಶ್ನೆ ಸಹಜ. ಎಲೆಯ ಮೇಲ್ಭಾಗದಲ್ಲಿ ಕಿಟಕಿಯ ಗಾಜಿನಂತೆ ಬೆಳಕನ್ನು ಒಳಬಿಡುವ ಭಾಗಗಳಿರುತ್ತವೆ. ಬೆಳಕು ಇವುಗಳ ಮೂಲಕ ಒಳಬಂದು, ನೀರು ತುಂಬಿದ ಬಣ್ಣರಹಿತ ಅಂಗಾಂಶವನ್ನು ಹಾದು, ಎಲೆಯ ಒಳಗೋಡೆಗಳಲ್ಲಿರುವ ಹಸಿರು ಕೋಶಗಳನ್ನು ತಲುಪುತ್ತದೆ.

3. ಆಹಾರ ತಯಾರಿಕೆ

ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಪಡೆಯುತ್ತವೆ. ಆಗ ನೀರೂ ಆವಿಯಾಗಿ ಹೊರಹೋಗುತ್ತದೆ. ಲಿಥಾಪ್ಸ್ ತಂಪಾದ ರಾತ್ರಿಯಲ್ಲಿ ರಂಧ್ರಗಳನ್ನು ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಶೇಖರಿಸುತ್ತದೆ. ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ಶೇಖರಿಸಿದ್ದನ್ನು ಬಳಸಿ ಬೆಳಕಿನ ನೆರವಿನಿಂದ ಆಹಾರ ತಯಾರಿಸುತ್ತದೆ. ಈ ಮಿತವ್ಯಯದ ಕಾರಣ ಗಿಡದ ಬೆಳವಣಿಗೆ ನಿಧಾನವಾಗಿರುತ್ತದೆ.

4. ವಾರ್ಷಿಕ ಚಕ್ರ

ಲಿಥಾಪ್ಸ್ ಸಾಮಾನ್ಯವಾಗಿ ವರ್ಷಕ್ಕೆ ಒಂದು ಜೊತೆ ಎಲೆಗಳನ್ನು ಮಾತ್ರ ಬಿಡುತ್ತದೆ. ಹೊಸ ಜೊತೆಯು ಹಳೆಯ ಜೊತೆಯ ಒಳಗೇ, ಅದಕ್ಕೆ ಅಡ್ಡಲಾಗಿ ರೂಪುಗೊಳ್ಳುತ್ತದೆ. ಹಳೆಯ ಎಲೆಗಳಲ್ಲಿರುವ ನೀರು ಮತ್ತು ಪೋಷಕಾಂಶಗಳು ಕ್ರಮೇಣ ಹೊಸ ಎಲೆಗಳಿಗೆ ವರ್ಗಾವಣೆಯಾಗುತ್ತವೆ. ಕೊನೆಗೆ ಹಳೆಯ ಎಲೆಗಳು ಒಣಗಿ ತೆಳುವಾದ ಕಾಗದದಂತಹ ಸಿಪ್ಪೆಯಾಗಿ ಉಳಿಯುತ್ತವೆ. ಅಂದರೆ, ಹಿಂದಿನ ವರ್ಷದ ಉಳಿಕೆಯೇ ಮುಂದಿನ ವರ್ಷದ ಆರಂಭಿಕ ಶಿಲ್ಕಾಗಿರುತ್ತದೆ. ಹಳೆಯ ಎಲೆ ಸುಕ್ಕುಗಟ್ಟುವುದು ರೋಗವಲ್ಲ. ಅದು ಈ ವರ್ಗಾವಣೆಯ ಲಕ್ಷಣವಾಗಿದೆ.

5. ಹೂವು ಮತ್ತು ಬೀಜ

ಬೀಜದಿಂದ ಬೆಳೆದ ಗಿಡ ಹೂ ಬಿಡಲು ಸಾಮಾನ್ಯವಾಗಿ ಮೂರು ಅಥವಾ ಹೆಚ್ಚು ವರ್ಷಗಳು ಬೇಕಾಗುತ್ತವೆ. ಹಳದಿ ಅಥವಾ ಬಿಳಿಯ ಹೂವು ಎಲೆಗಳ ನಡುವಿನ ಸೀಳಿನಿಂದ ಹೊರಬರುತ್ತದೆ. ಇದು ಹೆಚ್ಚಾಗಿ ಮಧ್ಯಾಹ್ನ ಅರಳಿ ಸಂಜೆ ಮುಚ್ಚಿಕೊಳ್ಳುತ್ತದೆ. ಒಂದು ಗಿಡದ ಪರಾಗದಿಂದ ಅದೇ ಗಿಡದಲ್ಲಿ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಕೀಟಗಳು ಮತ್ತೊಂದು ಗಿಡದಿಂದ ಪರಾಗ ತರಬೇಕು.

ಬೀಜಕೋಶವು ಒಣಗಿದ್ದಾಗ ಮುಚ್ಚಿಕೊಂಡಿದ್ದು, ಮಳೆಯಲ್ಲಿ ನೆನೆದಾಗ ತೆರೆದುಕೊಳ್ಳುತ್ತದೆ. ಮಳೆಹನಿಗಳ ಹೊಡೆತಕ್ಕೆ ಸೂಕ್ಷ್ಮವಾದ ಬೀಜಗಳು ಹೊರಚಿಮ್ಮುತ್ತವೆ. ಪುನಃ ಒಣಗಿದಾಗ ಕೋಶವು ಮುಚ್ಚಿಕೊಂಡು, ಉಳಿದ ಬೀಜಗಳನ್ನು ಮುಂದಿನ ಮಳೆಗೆ ಕಾಯ್ದಿರಿಸುತ್ತದೆ. ಹೀಗೆ ನೀರು ದೊರೆಯುವ ಸಮಯದಲ್ಲಿಯೇ ಬೀಜ ನೆಲಕ್ಕೆ ಬೀಳುತ್ತದೆ.

6. ಬೆಳೆಸುವವರು ಗಮನಿಸಬೇಕಾದ ಅಂಶಗಳು

ಅ) ಹೊಸ ಎಲೆಗಳು ಸೀಳಿನಲ್ಲಿ ಕಾಣಿಸಿಕೊಂಡಾಗಿನಿಂದ ಹಳೆಯ ಎಲೆಗಳು ಪೂರ್ಣ ಒಣಗುವವರೆಗೆ ನೀರು ಹಾಕಬಾರದು. ಈ ಅವಧಿಯಲ್ಲಿ ನೀರು ದೊರೆತರೆ ಹಳೆಯ ಎಲೆಗಳು ಒಣಗದೆ ಉಳಿದು ಗಿಡ ವಿಕಾರಗೊಳ್ಳುತ್ತದೆ, ಕೊಳೆಯಲೂಬಹುದು.
ಆ) ಮಣ್ಣಿನಲ್ಲಿ ದಪ್ಪ ಮರಳು ಮತ್ತು ಸಣ್ಣ ಜಲ್ಲಿಯ ಪ್ರಮಾಣ ಹೆಚ್ಚಿರಬೇಕು. ಕುಂಡದ ತಳದಲ್ಲಿ ನೀರು ಬಸಿಯುವ ರಂಧ್ರವಿರಬೇಕು.
ಇ) ನೀರು ಹಾಕಿದ ನಂತರ ಮಣ್ಣು ಸಂಪೂರ್ಣ ಒಣಗುವವರೆಗೆ ಪುನಃ ನೀರು ಹಾಕಬಾರದು. ನಮ್ಮಲ್ಲಿ ಮುಂಗಾರಿನ ದಿನಗಳಲ್ಲಿ ಕುಂಡವನ್ನು ಮಳೆ ಬೀಳದ, ಗಾಳಿಯಾಡುವ, ಬೆಳಕಿರುವ ಸ್ಥಳದಲ್ಲಿಡುವುದು ಸೂಕ್ತ.
ಈ) ದಿನಾಂಕ ನೋಡಿ ನೀರುಣಿಸುವ ಬದಲು ಗಿಡದ ಸ್ಥಿತಿಯನ್ನು ನೋಡಿ ನೀರುಣಿಸಬೇಕು.

7. ವಿದೇಶದಿಂದ ತರಿಸುವವರಿಗೆ

ಸದರಿ ಕುಟುಂಬದ ಗಿಡಗಳನ್ನು, ವಿಶೇಷವಾಗಿ ಕೊನೊಫೈಟಮ್ ಗುಂಪಿನವುಗಳನ್ನು, ದಕ್ಷಿಣ ಆಫ್ರಿಕಾದ ನೈಸರ್ಗಿಕ ನೆಲೆಗಳಿಂದ ಅಕ್ರಮವಾಗಿ ಕಿತ್ತು ಮಾರುವುದು ಸುಮಾರು 2019ರಿಂದೀಚೆಗೆ ತೀವ್ರಗೊಂಡಿದೆ. ನಿಧಾನವಾಗಿ ಬೆಳೆಯುವ ಹಾಗೂ ಕೆಲವೆಡೆ ಒಂದೇ ಗುಡ್ಡಕ್ಕೆ ಸೀಮಿತವಾಗಿರುವ ಇಂತಹ ಸಸ್ಯಗಳನ್ನು ಒಮ್ಮೆ ಕಿತ್ತರೆ ಆ ನೆಲೆ ಮರಳಿ ತುಂಬುವುದು ಕಷ್ಟಸಾಧ್ಯ. ಲಿಥಾಪ್ಸ್ ಬೀಜದಿಂದ ಸುಲಭವಾಗಿ ಬೆಳೆಯುವುದರಿಂದ, ಕಾಡಿನಿಂದ ಕಿತ್ತ ಗಿಡದ ಅವಶ್ಯಕತೆ ಯಾರಿಗೂ ಇರುವುದಿಲ್ಲ. ಆದ್ದರಿಂದ ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಗಿಡವೆಂಬುದನ್ನು ಖಚಿತಪಡಿಸಿಕೊಂಡು ಖರೀದಿಸುವುದು.

ವಿದೇಶದಿಂದ ಗಿಡಗಳನ್ನು ತರಿಸಲು 2003ರ ಪ್ಲಾಂಟ್ ಕ್ವಾರಂಟೈನ್ (ಭಾರತಕ್ಕೆ ಆಮದು ನಿಯಂತ್ರಣ) ಆದೇಶದಂತೆ ಆಮದು ಪರವಾನಗಿ ಹಾಗೂ ರಫ್ತು ಮಾಡುವ ದೇಶವು ನೀಡುವ ಸಸ್ಯ ಆರೋಗ್ಯ ಪ್ರಮಾಣಪತ್ರ ಅಗತ್ಯವಾಗಿರುತ್ತದೆ. ಪರವಾನಗಿಯನ್ನು ಗಿಡಗಳು ರವಾನೆಯಾಗುವ ಮೊದಲೇ ಪಡೆದಿರಬೇಕು. ಸಾರ್ವಜನಿಕರು ಇದನ್ನು ಗಮನಿಸಿ, ಹಣ ಪಾವತಿಸುವ ಮುನ್ನವೇ ಅಗತ್ಯ ದಾಖಲೆಗಳ ಬಗ್ಗೆ ವಿಚಾರಿಸಿಕೊಳ್ಳಬೇಕಾಗಿ ಕೋರಲಾಗಿದೆ.