ಬೇಲಿಯ ಝಟಕಾ, ಬೋರಿನ ಮೋಟರ್

ಕಿತ್ತೂರಿನಿಂದ ಪಡುವಣಕ್ಕೆ, ಖಾನಾಪುರದ ಕಾಡು ಹತ್ತಿರವಾಗುವ ಹೊಲಗಳಲ್ಲಿ ಕಬ್ಬು, ಗೋವಿನಜೋಳ ಬೆಳೆದವರಿಗೆ ರಾತ್ರಿ ನಿದ್ದೆ ಕಡಿಮೆ. ಕಾಡುಹಂದಿ ಒಳಹೊಕ್ಕರೆ ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ಅದಕ್ಕೇ ಝಟಕಾ ಮಷೀನು: ಒಂದು ಬ್ಯಾಟರಿ, ಒಂದು ಸೋಲಾರ್ ಫಲಕ, ಹೊಲದ ಸುತ್ತ ತಂತಿ. ಸೆಕೆಂಡಿಗೊಮ್ಮೆ ಟಕ್ ಎನ್ನುವ ಆ ಡಬ್ಬಿ ತಂತಿಗೆ 8000 ವೋಲ್ಟಿನ ಆಸುಪಾಸಿನ ಹೊಡೆತ ಕೊಡುತ್ತದೆ.

ಇದಕ್ಕೆ ಮಲ್ಟಿಮೀಟರ್ ಹಿಡಿಯಬಾರದು. ಅದರ ತಾಳಿಕೆ ಹೆಚ್ಚೆಂದರೆ 1000 ವೋಲ್ಟ್. ಮೇಲಾಗಿ, ಹೊಡೆತ ಬಂದು ಹೋಗುವ ವೇಗಕ್ಕೆ ಅದರ ಅಂಕಿ ನಿಲ್ಲುವುದೇ ಇಲ್ಲ. ಇಲ್ಲಿ ಬೇಕಾದದ್ದು ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್, ಅದರ ಮುಂದೆ 1000ಕ್ಕೆ 1 ಎಂದು ಇಳಿಸುವ ಹೈವೋಲ್ಟೇಜ್ ಪ್ರೋಬ್. ಅದರ ಉದ್ದನೆಯ ಹಿಡಿಕೆಯೊಳಗೆ ಸುಮಾರು 100 ಮೆಗಾಓಮ್ ರೆಸಿಸ್ಟರ್ ಇರುತ್ತದೆ. 8000 ವೋಲ್ಟ್ ಸ್ಕೋಪಿಗೆ ತಲುಪುವಾಗ ಬರೀ 8 ವೋಲ್ಟ್. ಹಳೆಯ ಡಬ್ಬಾ ಟಿವಿಗಳ ಕಾಲದಲ್ಲಿ ಪಿಕ್ಚರ್ ಟ್ಯೂಬಿನ 20–25 ಸಾವಿರ ವೋಲ್ಟ್ ನೋಡಲು ಮೆಕ್ಯಾನಿಕ್‌ಗಳು ಬಳಸುತ್ತಿದ್ದ ಕಡ್ಡಿಯೂ ಇದೇ ಜಾತಿಯದು.

ಪರದೆಯ ಮೇಲೆ ಕಾಣುವುದು ಸೂಜಿಯಂಥ ಒಂದು ಗೆರೆ, ಆಮೇಲೆ ಸೆಕೆಂಡಿನುದ್ದ ಖಾಲಿ. ಆ ಖಾಲಿಯಲ್ಲೇ ಜೀವ ಉಳಿಯುವುದು. ತಂತಿ ಮುಟ್ಟಿದ ಕೈ ಬೆಚ್ಚಿ ಹಿಂದೆ ಬರಲು ಸಮಯ ಸಿಗುತ್ತದೆ. ಬೇಲಿಗೆ ನೇರವಾಗಿ ಮನೆಯ 230 ವೋಲ್ಟ್ ಬಿಟ್ಟರೆ ಬಿಡುವೇ ಇಲ್ಲ. ಸ್ನಾಯು ಬಿಗಿದು ತಂತಿಯನ್ನೇ ಹಿಡಿದುಕೊಳ್ಳುತ್ತದೆ. ಹಾಗೆ ಸತ್ತವರಲ್ಲಿ ರಾತ್ರಿ ನೀರು ಕಟ್ಟಲು ಹೋದ ರೈತರೂ ಇದ್ದಾರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಝಟಕಾ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬಾರಿ ಹೊಡೆಯಬಾರದು, ಒಂದು ಹೊಡೆತದ ಶಕ್ತಿ 5 ಜೂಲ್ ದಾಟಬಾರದು. ರಿಪೇರಿಯಾಗಿ ಬಂದ ಮಷೀನು ಈ ಮಿತಿಯಲ್ಲಿದೆಯೇ ಎಂದು ಹೇಳಲು ಅಲೆಯ ಆಕಾರವನ್ನೇ ನೋಡಬೇಕು. ಹುಲ್ಲು ತಾಗಿ ಬೇಲಿಯ ಕೊನೆಯಲ್ಲಿ ಬಲ ಕುಗ್ಗಿದೆಯೇ ಎಂಬ ದಿನನಿತ್ಯದ ಪ್ರಶ್ನೆಗೆ ಮಾತ್ರ ಅಗ್ಗದ ಬೇಲಿ ಟೆಸ್ಟರ್ ಸಾಕು.

ಬೋರ್‌ವೆಲ್ಲಿನ ಕಥೆ ಬೇರೆ. ಸೋಲಾರ್ ಪಂಪಿನ ಕಂಟ್ರೋಲರ್ ಫಲಕಗಳ ಡಿಸಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು ತುಂಡು ಮಾಡಿ ಮೋಟರಿಗೆ ಕಳಿಸುತ್ತದೆ. ಮೋಟರ್ ನೂರಾರು ಅಡಿ ಕೆಳಗೆ. ಅಷ್ಟು ಉದ್ದದ ಕೇಬಲ್ಲಿನ ತುದಿಗೆ ಬಡಿದ ತುಂಡು, ಬಾವಿಯ ಗೋಡೆಗೆ ಬಡಿದ ಅಲೆಯಂತೆ ಹಿಂದಿರುಗಿ, ಮೋಟರಿನ ಬಾಯಲ್ಲಿ ವೋಲ್ಟೇಜನ್ನು ಕ್ಷಣಕಾಲ ಹತ್ತಿರತ್ತಿರ ಇಮ್ಮಡಿಗೇರಿಸುತ್ತದೆ. 550 ವೋಲ್ಟ್ ಎಂದುಕೊಂಡಲ್ಲಿ 1000 ದಾಟುತ್ತದೆ. ವೈಂಡಿಂಗಿನ ಮೊದಲ ಸುತ್ತುಗಳ ಇನ್ಸುಲೇಷನ್ ದಿನೇ ದಿನೇ ಸವೆದು ಒಂದು ದಿನ ತೂತು. ಮೀಟರ್ ಹಿಡಿದು ನೋಡಿದರೆ ಎಲ್ಲ ಸರಿ. ರೈತ ಮತ್ತೆ ವೈಂಡಿಂಗ್ ಮಾಡಿಸುತ್ತಾನೆ, ಮತ್ತೆ ಸುಡುತ್ತದೆ, ತಾಮ್ರದ ತಂತಿಗೂ ವೈಂಡಿಂಗ್ ಮಾಡಿದವನ ಕೈಗುಣಕ್ಕೂ ಬೈಗುಳ ಬೀಳುತ್ತದೆ. ಕಂಟ್ರೋಲರಿನ ಪಕ್ಕದಲ್ಲೊಂದು ಚೋಕ್ ಅಥವಾ ಫಿಲ್ಟರ್ ಕೂರಿಸಿದರೆ ಆ ಏರಿಕೆ ತಗ್ಗುತ್ತದೆ.

ಆ ಏರಿಕೆಯನ್ನು ಸ್ಕೋಪಿನಲ್ಲಿ ನೋಡಲು ಎರಡು ಕಡ್ಡಿಯ ಡಿಫರೆನ್ಷಿಯಲ್ ಪ್ರೋಬ್ ಬೇಕು. ಮಾಮೂಲಿ ಪ್ರೋಬಿನ ಮೊಸಳೆ ಕ್ಲಿಪ್ ಸ್ಕೋಪಿನ ಮೈಯ ಮೂಲಕ ಅರ್ಥಿಂಗಿಗೆ ಸೇರಿರುತ್ತದೆ. ಅದನ್ನು ಫೇಸಿಗೆ ಕಚ್ಚಿಸಿದರೆ ನೇರ ಶಾರ್ಟ್. ಕಲಿಯುವ ದಿನಗಳಲ್ಲಿ ನಾನು ಈ ತಪ್ಪು ಮಾಡಿದ್ದೇನೆ. ಕ್ಲಿಪ್ಪಿನ ತುದಿ ಕರಗಿ ಕಿಡಿ ಮುಖದ ಹತ್ತಿರ ಹಾರಿತ್ತು. ಕೆಲವರು ಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಕೆಲಸ ಸಾಗಿಸುತ್ತಾರೆ. ಖಂಡಿತ ಬೇಡ. ಆಗ ಸ್ಕೋಪಿನ ಮೈಯೇ ಫೇಸ್ ಆಗಿ ನಿಂತಿರುತ್ತದೆ.

ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಇಂಥ ಯಂತ್ರಗಳ ಒಳಗೆ ಸಾಮಾನ್ಯವಾಗಿ 690 ವೋಲ್ಟ್, ಅದರ ಶಿಖರ ಸುಮಾರು 975. ಕನ್ವರ್ಟರ್ ಕೆಟ್ಟಾಗ ಎಂಜಿನಿಯರ್‌ಗಳು ತೆಗೆಯುವುದು ಇದೇ ಎರಡು ಕಡ್ಡಿಯ ಪ್ರೋಬನ್ನು. ಗುಡ್ಡದ ಮೇಲಿರುವ ಅನುಕೂಲ ಗುಡ್ಡದ ಕೆಳಗಿನ ಹೊಲಕ್ಕೂ ಬರಲಿ ಎಂಬುದು ನನ್ನ ಆಸೆ. ಬೈಲಹೊಂಗಲ, ರಾಮದುರ್ಗದ ವೈಂಡಿಂಗ್ ಅಂಗಡಿಯವರು ನಾಲ್ಕೈದು ಜನ ಕೂಡಿ ಒಂದು ಪ್ರೋಬ್, ಒಂದು ಬ್ಯಾಟರಿ ಸ್ಕೋಪ್ ಇಟ್ಟುಕೊಂಡರೆ, ಎರಡನೇ ಸಲ ಸುಟ್ಟು ಬಂದ ಮೋಟರಿಗೆ ತಂತಿ ಸುತ್ತುವ ಮೊದಲು ಹೊಲಕ್ಕೆ ಹೋಗಿ ಕಂಟ್ರೋಲರ್ ಏನು ಕಳಿಸುತ್ತಿದೆ ಎಂದು ನೋಡಿಬರಬಹುದು.