ಹುಳಿ ಹಿಡಿಯುವ ಮುನ್ನ

ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ ಲೆಕ್ಕ ಶುರು. 18 ನಿಮಿಷದೊಳಗೆ ಕಲಸಿ, ಲಟ್ಟಿಸಿ, ಬೇಯಿಸಿ ಮುಗಿಸಬೇಕು. ಅಷ್ಟರಲ್ಲಿ ಉತ್ತರಹಳ್ಳಿಯಿಂದ ಸಂಜೆ ಹೊರಟ ನಮ್ಮ ಬಸ್ಸು ಕದಿರೇನಹಳ್ಳಿ ಮುಟ್ಟಿದರೆ ಪುಣ್ಯ. ತಡವಾದರೆ ಹಿಟ್ಟು ಹುಳಿ ಹಿಡಿಯಿತೆಂದೇ ಅರ್ಥ, ಯೆಹೂದ್ಯರ ಪೆಸಾಹ್ ಹಬ್ಬಕ್ಕೆ ಅದು ಸಲ್ಲದು. ಕನ್ನಡ ಬೈಬಲ್ ಓದಿದವರಿಗೆ ಇದು ಪಸ್ಕಹಬ್ಬ.

ಈಜಿಪ್ಟಿನಲ್ಲಿ ಜೀತಕ್ಕಿದ್ದ ಇಸ್ರಾಯೇಲ್ಯರನ್ನು ಫರೋಹ ಕೊನೆಗೂ ಬಿಟ್ಟಾಗ ಹಿಟ್ಟು ಉಬ್ಬುವವರೆಗೆ ಕಾಯಲು ಪುರುಸೊತ್ತಿರಲಿಲ್ಲ, ಹಾಗೇ ಕಟ್ಟಿಕೊಂಡು ಓಡಿದರು. ಆ ನೆನಪಿಗೆ ಇಸ್ರೇಲಿನಲ್ಲಿ 7 ದಿನ, ಹೊರಗೆ 8 ದಿನ ಹುಳಿಯಿಲ್ಲದ ರೊಟ್ಟಿ. ಹಬ್ಬದ ಹಿಂದಿನ ರಾತ್ರಿ ಮೇಣದಬತ್ತಿ ಹಿಡಿದು ಮೂಲೆಮೂಲೆಯಲ್ಲಿ ಬ್ರೆಡ್ಡಿನ ಚೂರು ಹುಡುಕಿ, ಬೆಳಿಗ್ಗೆ ಸುಡುತ್ತಾರೆ. ಅನ್ನದ ಗತಿ? ಯುರೋಪಿನ ಯೆಹೂದ್ಯರು ಅಕ್ಕಿಯನ್ನೂ ಬಿಡುತ್ತಾರೆ, ಭಾರತದವರು ಬಿಡುವುದಿಲ್ಲ. ಬಿಡುವುದುಂಟೆ!

ಹುಣ್ಣಿಮೆಯ ಹಬ್ಬವಿದು. 2025ರಲ್ಲಿ ಬೆಂಗಳೂರು ಕರಗವೂ ಪೆಸಾಹ್‌ನ ಮೊದಲ ರಾತ್ರಿಯೂ ಒಂದೇ ದಿನ, ಏಪ್ರಿಲ್ 12ಕ್ಕೆ ಬಿದ್ದವು. ಪೆಸಾಹ್‌ಗೆ ಗುಡಿ ಬೇಕಿಲ್ಲ, ಮನೆಯ ಊಟದ ಮೇಜು ಸಾಕು. ಇವತ್ತಿನ ಊಟ ದಿನದಂತೆ ಯಾಕಿಲ್ಲ ಎಂದು ಕಿರಿಯ ಮಗು ಕೇಳಬೇಕು, ಹಿರಿಯರು ಜೀತದ ಕಥೆ ಹೇಳಬೇಕು. ಸೊಪ್ಪನ್ನು ಅದ್ದುವ ಉಪ್ಪುನೀರು ಕಣ್ಣೀರು. ಬಾಗ್ದಾದಿ ಯೆಹೂದ್ಯರ ಮನೆಗಳಲ್ಲಿ ಖರ್ಜೂರದ ಪಾಕಕ್ಕೆ ಅಕ್ರೋಟು ಉದುರಿಸಿದ್ದು ಅಂದು ಜೀತದಲ್ಲಿ ಕಲಸಿದ ಗಾರೆ. ಕಹಿ ಎಲೆಯನ್ನು ಅದೇ ಸಿಹಿಗೆ ಅದ್ದಿ ಬಾಯಿಗಿಡುತ್ತಾರೆ. ಬೇವು-ಬೆಲ್ಲ ಬಲ್ಲ ನಾಲಗೆಗೆ ಬಿಡಿಸಿ ಹೇಳಬೇಕೆ? ಈ ಊಟಕ್ಕೆ ಬೇಕಾದ ವೈನ್ ಸಿಗದ ಕಡೆ ಭಾರತದ ಯೆಹೂದ್ಯರು ಒಣದ್ರಾಕ್ಷಿ ನೆನೆಸಿ, ಕಿವುಚಿ, ಶರಬತ್ತು ಮಾಡಿಕೊಂಡರು.

ಕೊಚ್ಚಿ, ಮುಂಬೈಯಂತೆ ಬೆಂಗಳೂರಿನಲ್ಲಿ ಯೆಹೂದ್ಯರ ಹಳೆಯ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್, ಇಲ್ಲ. ಕಮರ್ಷಿಯಲ್ ಸ್ಟ್ರೀಟಿನ ಚಪ್ಪಲಿ ವ್ಯಾಪಾರಿ ರೂಬಿನ್ ಮೋಸೆಸ್ ಕಾಲದಲ್ಲಿ, 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಯೆಹೂದ್ಯರಿಗೆ ಕೊಟ್ಟ ಸ್ಮಶಾನವೊಂದು ಮೈಸೂರು ರಸ್ತೆಯ ಬಳಿ ಇದೆ.

ನನಗೆ ಮಾತ್ರ ಪೆಸಾಹ್ ಎಂದರೆ ನೆನಪಾಗುವುದು ಮಂಗಳೂರು. ಟ್ಯುನೀಷಿಯಾದಿಂದ ಬಂದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅಲ್ಲಿ ಕಂಚಿನ ಕಾರ್ಖಾನೆ ನಡೆಸುತ್ತಿದ್ದ. 1132ರ ಅಕ್ಟೋಬರಿನಲ್ಲಿ ಪತ್ರ ಬರೆಸಿ ಆಶು ಎಂಬ ದಾಸಿಗೆ ಬಿಡುಗಡೆ ಕೊಟ್ಟ. ಅವಳಿಂದಲೇ ಅವನಿಗೆ ಮಕ್ಕಳಾದವೆಂದು ವಿದ್ವಾಂಸರ ಊಹೆ. ಏಡನ್ನಿನ ಗೆಳೆಯರು ಅವನಿಗೆ ಬರೆಯಲು ಕಾಗದ, ತಿನ್ನಲು ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ವರ್ಷಕ್ಕೊಮ್ಮೆ ಆ ಮನೆಯಲ್ಲೂ ಜೀತ ಬಿಟ್ಟ ಕಥೆ ನಡೆದಿರಬೇಕು. ಅವನ ಸರಕು ಹೊತ್ತು ಏಡನ್ನಿಗೆ ಹೋಗಿಬಂದ ಬೊಮ್ಮ ಮಾತ್ರ ಆ ಗೆಳೆಯರ ಓಲೆಗಳಲ್ಲಿ ದಾಸನೆಂದೇ ಕಾಣಿಸುತ್ತಾನೆ.